ಇರುವೆ ಕೇರಿಯ ಮರಿಯ



ಜನವರಿ 23 ನಮ್ಮ ಧರ್ಮಕೇಂದ್ರದ ಪಟ್ಟಿಯಲ್ಲಿ ಹಬ್ಬದ ದಿನವಲ್ಲ. ಆದರೆ ಈ ಸಲ ನಮ್ಮ ಯುವಕೂಟದವರು ಆ ದಿನಕ್ಕೆ ಒಂದು ಗುರುತು ಹಾಕಿಕೊಂಡಿದ್ದೇವೆ. 1958ರ ಜನವರಿ 23ರಂದು ಜಪಾನಿನ ಟೋಕಿಯೋ ಮಹಾನಗರದಲ್ಲಿ, ಚಿಂದಿ ಆಯುವವರ ಕೇರಿಯ ಒಂದು ಚಿಕ್ಕ ಕೋಣೆಯಲ್ಲಿ, 28 ವರ್ಷದ ಯುವತಿಯೊಬ್ಬರು ಪ್ರಭುವಿನ ಪಾದ ಸೇರಿದರು. ಅವರ ಹೆಸರು ಸಾತೊಕೊ ಕಿತಾಹಾರ. ಜಪಾನಿನ ಜನ ಅವರನ್ನು ಇರುವೆ ಕೇರಿಯ ಮರಿಯ ಎಂದು ಕರೆದರು. ತೀರಿಕೊಂಡ ವರ್ಷವೇ ಅವರ ಬದುಕು ಸಿನಿಮಾ ಆಯಿತು. ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲದ ದೇಶದಲ್ಲಿ ಈ ಹೆಸರು ಮನೆಮನೆಗೆ ತಲುಪಿತು.

ಅವರ ಕಥೆಯನ್ನು ಈ ಸಂಚಿಕೆಯಲ್ಲಿ ಬರೆಯಲು ನಮಗೊಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ. ಮೊದಲು ಸಾತೊಕೊ ಅವರ ಬದುಕನ್ನು ನೋಡೋಣ.

ಪ್ರಾಧ್ಯಾಪಕರ ಮಗಳು

ಸಾತೊಕೊ ಹುಟ್ಟಿದ್ದು 1929ರ ಆಗಸ್ಟ್ 22ರಂದು, ಟೋಕಿಯೋದ ಅನುಕೂಲಸ್ಥರ ಬಡಾವಣೆಯ ಒಂದು ಮನೆಯಲ್ಲಿ. ತಂದೆ ಪ್ರಾಧ್ಯಾಪಕರು. ವಂಶದಲ್ಲಿ ಹಿಂದೆ ಶಿಂತೋ ದೇಗುಲದ ಅರ್ಚಕರಾಗಿದ್ದವರೂ ಇದ್ದರು. ಊಟ, ಬಟ್ಟೆ, ಓದು ಯಾವುದಕ್ಕೂ ಕೊರತೆ ಇಲ್ಲದ ಮನೆ. ಕ್ರಿಸ್ತನ ಹೆಸರು ಮಾತ್ರ ಆ ಮನೆಗೆ ಹೊಸದು.

ಅವರು ಹದಿಹರೆಯಕ್ಕೆ ಬರುವಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಶಾಲೆಯ ಹುಡುಗಿಯರನ್ನೂ ಸರ್ಕಾರ ಕಾರ್ಖಾನೆಗಳಿಗೆ ಕಳುಹಿಸಿತು. ಸಾತೊಕೊ ವಿಮಾನ ಕಾರ್ಖಾನೆಯಲ್ಲಿ ದುಡಿದರು. ಬಾಂಬುಗಳು ಬೀಳುವಾಗ ಓಡಿ ಅವಿತುಕೊಳ್ಳುವುದು ದಿನದ ಕೆಲಸದಲ್ಲಿ ಒಂದಾಯಿತು. ದುಡಿತ ಹೆಚ್ಚು, ಊಟ ಕಡಿಮೆ. ಅಂಥ ದಿನಗಳಲ್ಲಿ ಕ್ಷಯರೋಗ ಅವರ ಶ್ವಾಸಕೋಶಕ್ಕೆ ತಗುಲಿತು. ಆಗಿನ ಜಪಾನಿನಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುತ್ತಿದ್ದ ಕಾಯಿಲೆ ಅದೇ. ಸ್ಟ್ರೆಪ್ಟೊಮೈಸಿನ್ ಎಂಬ ಔಷಧವನ್ನು ಅಮೆರಿಕದ ವಿಜ್ಞಾನಿಗಳು ಆಗಷ್ಟೇ ಕಂಡುಹಿಡಿದಿದ್ದರು. ಅದು ಸಾಮಾನ್ಯರ ಕೈಗೆ ಸಿಗಲು ಇನ್ನೂ ವರ್ಷಗಳು ಬೇಕಿದ್ದವು.

1945ರ ಆಗಸ್ಟಿನಲ್ಲಿ ಜಪಾನು ಸೋತಿತು. ಚಕ್ರವರ್ತಿಯೇ ದೇವರು, ಈ ಯುದ್ಧ ಪವಿತ್ರ ಎಂದು ಕಲಿತು ಬೆಳೆದ ಒಂದು ತಲೆಮಾರಿನ ಮಕ್ಕಳಿಗೆ ಒಮ್ಮೆಲೇ ಕಾಲ ಕೆಳಗಿನ ನೆಲ ಇಲ್ಲದಂತಾಯಿತು. ಸಾತೊಕೊ ಶೋವಾ ಮಹಿಳಾ ಔಷಧವಿಜ್ಞಾನ ಕಾಲೇಜಿಗೆ ಸೇರಿದರು. ಬಿ.ಎಸ್ಸಿ. ಓದಿದ ನಮಗೆ ಅವರು ಹತ್ತಿರದವರು ಅನ್ನಿಸುವುದು ಇಲ್ಲೇ. ಪ್ರಯೋಗಾಲಯದಲ್ಲಿ ತೂಕ, ಅಳತೆ, ಸೂತ್ರ ಎಲ್ಲವೂ ಸರಿಬರುತ್ತವೆ. ಆದರೆ ಯಾವುದಕ್ಕಾಗಿ ಬದುಕಬೇಕು ಎಂಬ ಪ್ರಶ್ನೆಗೆ ಆ ಗಾಜಿನ ಕೊಳವೆಗಳಲ್ಲಿ ಉತ್ತರ ಸಿಗುವುದಿಲ್ಲ. ಸಾತೊಕೊ ಅವರಿಗೂ ಸಿಗಲಿಲ್ಲ.

ಒಂದು ದಿನ ಸ್ನೇಹಿತೆಯೊಬ್ಬರ ಜೊತೆ ಯೊಕೊಹಾಮಾ ನಗರಕ್ಕೆ ಹೋಗಿದ್ದಾಗ ಅವರು ಅಲ್ಲಿನ ಯೇಸುವಿನ ಪವಿತ್ರ ಹೃದಯದ ದೇವಾಲಯದೊಳಗೆ ಕಾಲಿಟ್ಟರು. ಅಲ್ಲಿ ಲೂರ್ದು ಮಾತೆಯ ಪ್ರತಿಮೆ ಇತ್ತು. ಮಾತೆ ಯಾರೆಂಬುದು ಅವರಿಗೆ ಗೊತ್ತಿರಲಿಲ್ಲ. ಆದರೂ ಆ ಪ್ರತಿಮೆಯ ಮುಂದೆ ನಿಂತಾಗ ಆದ ಅನುಭವವನ್ನು ಅವರು ಮರೆಯಲಿಲ್ಲ. ಮುಂದೆ ತಂಗಿಯನ್ನು ಕನ್ಯಾಸ್ತ್ರೀಯರ ಶಾಲೆಗೆ ಸೇರಿಸಿದಾಗ ಮರ್ಸಿಡೇರಿಯನ್ ಸಭೆಯ ಸಿಸ್ಟರ್‌ಗಳ ಪರಿಚಯವಾಯಿತು. ದೂರದ ಸ್ಪೇನಿನಿಂದ ಬಂದು, ಸೋತ ದೇಶದ ಮಕ್ಕಳಿಗೆ ಪಾಠ ಹೇಳುತ್ತಾ ನಗುನಗುತ್ತಾ ಇದ್ದ ಆ ಸಿಸ್ಟರ್‌ಗಳು ಸಾತೊಕೊ ಅವರಿಗೆ ಒಗಟಿನಂತೆ ಕಂಡರು. ಆ ಒಗಟಿನ ಬೆನ್ನು ಹತ್ತಿ ಅವರು ಧರ್ಮೋಪದೇಶ ಕಲಿತರು. 1949ರ ಅಕ್ಟೋಬರ್ 30ರಂದು ಎಲಿಜಬೆತ್ ಎಂಬ ಹೆಸರಿನಲ್ಲಿ ಜ್ಞಾನಸ್ನಾನ ಪಡೆದರು. ದೃಢೀಕರಣದಲ್ಲಿ ಮರಿಯ ಎಂಬ ಹೆಸರನ್ನು ಆರಿಸಿಕೊಂಡರು.

ತಾನೂ ಕನ್ಯಾಸ್ತ್ರೀ ಆಗಬೇಕೆಂಬುದು ಅವರ ಆಸೆ. ಆದರೆ ಮಠಕ್ಕೆ ಹೊರಡುವ ಹೊತ್ತಿಗೆ ಕ್ಷಯ ಮತ್ತೆ ಕಾಣಿಸಿಕೊಂಡಿತು, ಬಾಗಿಲು ಮುಚ್ಚಿತು. ದೇವರಿಗೆ ಹೌದು ಎಂದ ಮೇಲೂ ದೇವರೇ ಬೇಡ ಎಂದಂತೆ ಆದರೆ ಏನು ಮಾಡುವುದು? ನಮ್ಮಲ್ಲಿ ಎಷ್ಟೋ ಜನರಿಗೆ ಈ ಪ್ರಶ್ನೆ ಪರಿಚಿತ.

ನದಿ ದಂಡೆಯ ಕೇರಿ

1950ರಲ್ಲಿ ಸಾತೊಕೊ ಅಸಾಕುಸ ಎಂಬ ಭಾಗಕ್ಕೆ ಬಂದು ನೆಲೆಸಿದರು. ಅಲ್ಲಿ ಅವರ ಅಕ್ಕ-ಭಾವನ ಪಾದರಕ್ಷೆ ವ್ಯಾಪಾರದ ಮನೆ ಇತ್ತು. ಅಸಾಕುಸ ಟೋಕಿಯೋದ ಹಳೆಯ ಪೇಟೆ. ಸೆನ್ಸೋಜಿ ಎಂಬ ಬಹು ಪುರಾತನ ಬೌದ್ಧ ದೇವಾಲಯ, ಅದರ ಮುಂದೆ ಸಾಲು ಅಂಗಡಿಗಳು, ನಾಟಕ ಮಂದಿರಗಳು, ಪಕ್ಕದಲ್ಲೇ ಹರಿಯುವ ಸುಮಿದಾ ನದಿ. 1945ರ ಮಾರ್ಚ್ 9ರ ರಾತ್ರಿಯಿಂದ 10ರ ಬೆಳಗಿನವರೆಗೆ ಅಮೆರಿಕದ ವಿಮಾನಗಳು ಸುರಿಸಿದ ಬೆಂಕಿ ಬಾಂಬುಗಳಿಗೆ ಈ ಭಾಗವೆಲ್ಲ ಸುಟ್ಟುಹೋಗಿತ್ತು. ಆ ಒಂದೇ ರಾತ್ರಿಯಲ್ಲಿ ಟೋಕಿಯೋದಲ್ಲಿ ಸತ್ತವರು ಸುಮಾರು 1 ಲಕ್ಷ. ನದಿಯ ಮೇಲಿನ ಕೊತೊತೊಯಿ ಸೇತುವೆಯ ಮೇಲೆ ಎರಡೂ ಕಡೆಯಿಂದ ಓಡಿಬಂದ ಜನ ಸಿಕ್ಕಿಕೊಂಡು ಅಲ್ಲೇ ಬೆಂದುಹೋದರು.

ಯುದ್ಧ ಮುಗಿದ ಮೇಲೆ ಮನೆ ಕಳೆದುಕೊಂಡವರು, ಹೊರನಾಡುಗಳಿಂದ ಬರಿಗೈಯಲ್ಲಿ ಮರಳಿದವರು, ಕೆಲಸ ಸಿಗದ ಸೈನಿಕರು ಇದೇ ನದಿ ದಂಡೆಯಲ್ಲಿ ಗುಡಿಸಲು ಹಾಕಿಕೊಂಡರು. ಸೇತುವೆಯ ಬಳಿ, ಸುಮಿದಾ ಉದ್ಯಾನದ ಸರ್ಕಾರಿ ಜಾಗದಲ್ಲಿ, ಚಿಂದಿ ಆಯುವವರ ಒಂದು ಗುಂಪು ಬೀಡುಬಿಟ್ಟಿತು. ಬೆಳಗಾಗುವ ಮುಂಚೆ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಕೈಗಾಡಿ ಎಳೆದುಕೊಂಡು ಹೊರಡುವುದು. ಹಳೆಯ ಕಾಗದ, ಬಟ್ಟೆ, ಗಾಜು, ತಗಡು, ತಂತಿ ಸಿಕ್ಕಿದ್ದನ್ನು ತರುವುದು. ಬೇರೆಬೇರೆ ಮಾಡಿ ತೂಕಕ್ಕೆ ಹಾಕುವುದು. 1950ರಲ್ಲಿ ಕೊರಿಯಾದ ಯುದ್ಧ ಶುರುವಾಗಿ ಗುಜರಿ ಲೋಹಕ್ಕೆ ಬೆಲೆ ಏರಿತು, ಹೊಟ್ಟೆಪಾಡು ಹೇಗೋ ನಡೆಯಿತು. ಒಜಾವ ಎಂಬವರು ಆ ಗುಂಪಿನ ಯಜಮಾನರು. ಮಾತ್ಸುಯಿ ಎಂಬ ಲೇಖಕರು ಅವರ ಸಲಹೆಗಾರರು. ಎಲ್ಲರೂ ಸೇರಿ ದುಡಿಯಬೇಕು, ಯಾರೂ ಬೇಡಬಾರದು, ಕದಿಯಬಾರದು ಎಂಬ ಕಟ್ಟುಪಾಡು ಇಟ್ಟುಕೊಂಡು ತಮ್ಮ ಸಂಘಕ್ಕೆ ಇರುವೆಗಳ ಹೆಸರಿಟ್ಟರು. ಜಪಾನಿ ಭಾಷೆಯಲ್ಲಿ ಆರಿ ಎಂದರೆ ಇರುವೆ, ಮಾಚಿ ಎಂದರೆ ಪೇಟೆ, ಕೇರಿ. ಹೀಗೆ ಆ ಜಾಗ ಆರಿ ನೋ ಮಾಚಿ, ಅಂದರೆ ಇರುವೆ ಕೇರಿ ಆಯಿತು.

ಪೇಟೆಯ ಜನಕ್ಕೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕಳ್ಳರು, ಕೊಳಕರು ಎಂಬ ಮಾತು. ನಗರಾಡಳಿತಕ್ಕೆ ಆ ಜಾಗ ತೆರವಾಗಬೇಕಿತ್ತು. ನಾಳೆ ಬೆಳಗ್ಗೆ ಗುಡಿಸಲು ಇರುತ್ತದೋ ಇಲ್ಲವೋ ಎಂಬ ಭಯದಲ್ಲೇ ಅವರು ಮಲಗುತ್ತಿದ್ದರು.

ಗಡ್ಡದ ಬ್ರದರ್

ಆ ಕೇರಿಗೆ ಓಡಾಡುತ್ತಿದ್ದವರು ಬ್ರದರ್ ಝೇನೋ. ಪೋಲೆಂಡಿನ ಫ್ರಾನ್ಸಿಸ್ಕನ್ ಸಭೆಯವರು. ಮುಂದೆ ಆಶ್ವಿಟ್ಜ್ ಸೆರೆಶಿಬಿರದಲ್ಲಿ ಇನ್ನೊಬ್ಬ ಕೈದಿಯ ಬದಲಿಗೆ ಪ್ರಾಣ ಕೊಟ್ಟ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಜೊತೆ 1930ರಲ್ಲಿ ನಾಗಾಸಾಕಿಗೆ ಬಂದವರು. ಅಣುಬಾಂಬು ಬಿದ್ದಾಗ ಅಲ್ಲಿದ್ದು ಬದುಕುಳಿದವರು. ಉದ್ದ ಬಿಳಿ ಗಡ್ಡ, ಸವೆದ ನಿಲುವಂಗಿ, ಕೈಯಲ್ಲಿ ಒಂದು ಚೀಲ, ತಪ್ಪುತಪ್ಪಾದ ಜಪಾನಿ ಮಾತು. ಆದರೂ ಅನಾಥ ಮಕ್ಕಳು, ಮನೆಯಿಲ್ಲದವರು ಎಲ್ಲಿದ್ದಾರೆ ಎಂದು ಅವರಿಗೆ ಗೊತ್ತಾಗಿಬಿಡುತ್ತಿತ್ತು. ಅಲ್ಲಿಗೆ ಹೋಗಿ ನಿಂತುಬಿಡುತ್ತಿದ್ದರು.

1950ರ ನವೆಂಬರಿನಲ್ಲಿ ಅವರು ಸಾತೊಕೊ ಇದ್ದ ಬೀದಿಗೆ ಬಂದರು. ತಾನು ಇಷ್ಟು ದಿನ ಮಲಗಿ ಎದ್ದ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಇಂಥದೊಂದು ಕೇರಿ ಇದೆ ಎಂದು ಸಾತೊಕೊ ಅವರಿಗೆ ತಿಳಿದದ್ದು ಆಗಲೇ. ಅವರು ಬ್ರದರ್ ಹಿಂದೆಯೇ ಹುಡುಕಿಕೊಂಡು ಹೋದರು. ಆ ವರ್ಷದ ಕ್ರಿಸ್ಮಸ್ಸಿಗೆ ಕೇರಿಯ ಮಕ್ಕಳನ್ನು ಸೇರಿಸಿ ಹಾಡು ಕಲಿಸಿದರು, ಯೇಸು ಜನನದ ರೂಪಕ ಆಡಿಸಿದರು. ಮಕ್ಕಳಿಗೆ ಪಾಠ ಹೇಳಿದರು, ಸ್ನಾನ ಮಾಡಿಸಿದರು, ಗಾಯಗಳಿಗೆ ಮದ್ದು ಹಚ್ಚಿದರು. ಸಂಜೆಯಾದರೆ ಮನೆಗೆ ಹಿಂತಿರುಗುತ್ತಿದ್ದರು.

ಒಂದು ಕಹಿ ಮಾತು

ಎಲ್ಲರೂ ಮೆಚ್ಚುವಂಥ ಕೆಲಸ ಅದು. ಆದರೆ ಮಾತ್ಸುಯಿ ಮೆಚ್ಚಲಿಲ್ಲ. ಅವರು ಆಗ ಕ್ರೈಸ್ತರಲ್ಲ, ಕ್ರೈಸ್ತರ ದಾನಧರ್ಮದ ಮೇಲೆ ಅವರಿಗೆ ನಂಬಿಕೆಯೂ ಇರಲಿಲ್ಲ. ಬೆಚ್ಚಗಿನ ಮನೆಯಿಂದ ಬಿಡುವಿನ ಹೊತ್ತಿನಲ್ಲಿ ಬಂದು, ಮಿಕ್ಕಿದ್ದನ್ನು ಕೊಟ್ಟು, ಮನಸ್ಸು ಹಗುರ ಮಾಡಿಕೊಂಡು ಹೋಗುವವರಿಂದ ಈ ಕೇರಿಗೆ ಏನೂ ಆಗಬೇಕಾಗಿಲ್ಲ ಎಂದು ಅವರು ಸಾತೊಕೊ ಅವರ ಮುಖಕ್ಕೇ ಹೇಳಿದರು. ಬಡವರ ಕಷ್ಟ ತಿಳಿಯಬೇಕಾದರೆ ಅವರ ಹಾಗೆ ಬದುಕಬೇಕು ಎಂಬುದು ಅವರ ವಾದ.

ಇಪ್ಪತ್ತೊಂದರ ಹುಡುಗಿಗೆ, ಅದೂ ಕಾಯಿಲೆಯಲ್ಲೇ ಇಷ್ಟು ಮಾಡುತ್ತಿದ್ದವರಿಗೆ, ಈ ಮಾತು ಎಷ್ಟು ಚುಚ್ಚಿರಬೇಕು! ನಾವಾಗಿದ್ದರೆ ಮಾರನೆಯ ದಿನದಿಂದ ಆ ಕಡೆ ತಲೆ ಹಾಕುತ್ತಿರಲಿಲ್ಲ. ಸಾತೊಕೊ ಅಳುತ್ತಾ ಮನೆಗೆ ಹೋದರೂ ಆ ಮಾತಿನಲ್ಲಿ ನಿಜ ಇದೆಯೇ ಎಂದು ಯೋಚಿಸಿದರು. ಇದೆ ಎಂದು ಅವರಿಗೆ ಅನ್ನಿಸಿತು. ಕ್ರಿಸ್ತ ಸಿರಿವಂತರಾಗಿದ್ದೂ ನಮಗಾಗಿ ಬಡವರಾದರು ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಹೇಳುತ್ತಾರಲ್ಲ. ನಾವು ಅದನ್ನು ಬಲಿಪೂಜೆಯಲ್ಲಿ ಓದಿ ಕುಳಿತುಕೊಳ್ಳುತ್ತೇವೆ. ಸಾತೊಕೊ ಅದನ್ನು ಮಾಡಲು ಎದ್ದರು.

ಅವರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಕೈಗಾಡಿ ಹಿಡಿದು, ಮಕ್ಕಳ ಜೊತೆ ಚಿಂದಿ ಆಯಲು ಬೀದಿಗಿಳಿದರು. ಪ್ರಾಧ್ಯಾಪಕರ ಮಗಳು, ಔಷಧವಿಜ್ಞಾನ ಓದಿದವರು, ತನ್ನ ಗುರುತಿನ ಜನ ಓಡಾಡುವ ಬೀದಿಗಳಲ್ಲೇ ಕಸದ ಡಬ್ಬಿಗೆ ಕೈ ಹಾಕಿದರು. ಕ್ಷಯ ಇರುವವರಿಗೆ ಧೂಳು, ಚಳಿ, ದಣಿವು ಎಷ್ಟು ಕೆಟ್ಟದ್ದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿದ್ದೇ ಹೋದರು.

ಹಾಕೋನೆಯ ಪ್ರವಾಸ

1951ರ ಬೇಸಿಗೆಯ ಒಂದು ಸಂಗತಿ ನಮ್ಮ ಯುವಕೂಟದಲ್ಲಿ ಎಲ್ಲರಿಗೂ ಹಿಡಿಸಿತು. ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಶಾಲೆಯಲ್ಲಿ ಬರೆಯಲು ಹೇಳುತ್ತಾರೆ. ಕೇರಿಯ ಮಕ್ಕಳು ಎಲ್ಲಿಗೂ ಹೋದವರಲ್ಲ. ಅವರನ್ನು ಹಾಕೋನೆಗೆ, ಟೋಕಿಯೋದಿಂದ ದೂರದ ಬೆಟ್ಟ-ಸರೋವರಗಳ ಊರಿಗೆ, ಕರೆದುಕೊಂಡು ಹೋಗಬೇಕೆಂದು ಸಾತೊಕೊ ನಿಶ್ಚಯಿಸಿದರು. ಮನೆಯಲ್ಲಿ ಕೇಳಿದ್ದರೆ ಹಣ ಸಿಗುತ್ತಿತ್ತು. ಅವರು ಕೇಳಲಿಲ್ಲ. ಮಕ್ಕಳೂ ತಾನೂ ಸೇರಿ ಚಿಂದಿ ಆಯ್ದು, ಮಾರಿ, ಆ ದುಡ್ಡಿನಲ್ಲೇ ಹೋದರು. ಸರೋವರ ನೋಡಿದ ಆ ಮಕ್ಕಳು ಯಾರ ಋಣದಲ್ಲೂ ಇರಲಿಲ್ಲ. ತಾವು ದುಡಿದು ತಾವು ಹೋಗಿದ್ದರು. ದಾನ ಕೊಡುವುದಕ್ಕೂ ಮಾನ ಕೊಡುವುದಕ್ಕೂ ಇರುವ ವ್ಯತ್ಯಾಸ ಇದೇ ಅಲ್ಲವೇ?

ಅದೇ ವರ್ಷ ಕೇರಿಯಲ್ಲಿ ಶಿಲುಬೆ ಹೊತ್ತ ಒಂದು ಪುಟ್ಟ ಕಟ್ಟಡ ಎದ್ದಿತು. ಶಿಲುಬೆ ಇದ್ದರೆ ಅಧಿಕಾರಿಗಳು ಕೇರಿಗೆ ಕೈಹಚ್ಚಲು ಹಿಂಜರಿಯುತ್ತಾರೆ ಎಂಬ ಲೆಕ್ಕಾಚಾರವೂ ಮುಖಂಡರಿಗೆ ಇತ್ತು. ಶುರುವಾದ ಕಾರಣ ಏನೇ ಇರಲಿ, ಅಲ್ಲಿ ಮಕ್ಕಳ ಪಾಠ ನಡೆಯಿತು, ಜಪಸರ ನಡೆಯಿತು, ಬಲಿಪೂಜೆ ನಡೆಯಿತು. ಪತ್ರಿಕೆಗಳು ಬರೆದವು, ಸಾತೊಕೊ ಹೆಸರು ಹರಡಿತು. 1953ರಲ್ಲಿ ಇರುವೆ ಕೇರಿಯ ಮಕ್ಕಳ ಬಗ್ಗೆ ಅವರು ಬರೆದ ಪುಸ್ತಕ ಹೊರಬಂತು.

ದೇಹ ಮಾತ್ರ ಸೋಲುತ್ತಾ ಬಂತು. ನಡುನಡುವೆ ವಿಶ್ರಾಂತಿಗೆ ಹೋಗಬೇಕಾಯಿತು. ಮಠ ಸೇರುವ ಇನ್ನೊಂದು ಪ್ರಯತ್ನವೂ ಕಾಯಿಲೆಯಿಂದ ನಿಂತಿತು. ಆಗ ಅವರು ತೆಗೆದುಕೊಂಡ ತೀರ್ಮಾನ ಮನೆಯವರಿಗೆ ಸುಲಭವಾಗಿರಲಿಲ್ಲ. ಇರುವೆ ಕೇರಿಯೇ ತನ್ನ ಮಠ ಎಂದು ಅವರು ಅಲ್ಲಿಗೇ ಬಂದು ನೆಲೆಸಿದರು. ಹಗಲು ಬಂದು ಸಂಜೆ ಹೋಗುತ್ತಿದ್ದವರು ಈಗ ಅಲ್ಲಿಯವರೇ ಆದರು. ಗಾಡಿ ಎಳೆಯುವ ಶಕ್ತಿ ಉಳಿದಿರಲಿಲ್ಲ. ಲೆಕ್ಕ ಬರೆದರು, ಪತ್ರಗಳಿಗೆ ಉತ್ತರ ಬರೆದರು, ಹಾಸಿಗೆಯಲ್ಲೇ ಜಪಸರ ಹಿಡಿದು ಪ್ರಾರ್ಥಿಸಿದರು.

ಕೊನೆಯ ಮೂರು ದಿನ

ನಗರಾಡಳಿತ ಕೊನೆಗೂ ಪಟ್ಟು ಹಿಡಿಯಿತು. ಉದ್ಯಾನದ ಜಾಗ ಬಿಡಲೇಬೇಕು. ಬದಲಿಗೆ ಟೋಕಿಯೋ ಕೊಲ್ಲಿಯಲ್ಲಿ ಸಮುದ್ರ ತುಂಬಿಸಿ ಮಾಡಿದ ನೆಲದಲ್ಲಿ ಜಾಗ ಕೊಡಬಹುದು. ಆದರೆ ಅದಕ್ಕೆ 2.5 ಕೋಟಿ ಯೆನ್ ಕಟ್ಟಬೇಕು. ಕಾಗದ, ತಗಡು ಆಯ್ದು ಬದುಕುವವರು ಅಷ್ಟು ಹಣ ಎಲ್ಲಿಂದ ತರುವುದು? ಒಜಾವ ಮತ್ತು ಮಾತ್ಸುಯಿ ಕಚೇರಿಯಿಂದ ಕಚೇರಿಗೆ ಅಲೆದರು. ಹಾಸಿಗೆ ಹಿಡಿದಿದ್ದ ಸಾತೊಕೊ ಇದೊಂದನ್ನೇ ದೇವರಲ್ಲಿ ಬೇಡುತ್ತಾ ಮಲಗಿದ್ದರು.

1958ರ ಜನವರಿಯಲ್ಲಿ ಅಧಿಕಾರಿಗಳು ಇಳಿದು ಬಂದರು. ಬೆಲೆ 1.5 ಕೋಟಿ ಯೆನ್, ಅದನ್ನು 5 ವರ್ಷಗಳಲ್ಲಿ ಕಂತಿನಲ್ಲಿ ಕಟ್ಟಿದರೆ ಸಾಕು ಎಂದು ಒಪ್ಪಿದರು. ಕೇರಿ ಉಳಿಯಿತು. ಸುದ್ದಿ ಸಾತೊಕೊ ಅವರಿಗೂ ತಲುಪಿತು. ಅದಾಗಿ ಮೂರು ದಿನಕ್ಕೆ, ಜನವರಿ 23ರ ಬೆಳಗ್ಗೆ, ಅವರು ಕಣ್ಣು ಮುಚ್ಚಿದರು.

ಮುಂದೆ ಕೇರಿಯವರು ಆ ಹೊಸ ನೆಲಕ್ಕೆ ಹೋದರು. ಇಂದು ಅದರ ಹೆಸರು ಶಿಯೋಮಿ. ಅಲ್ಲಿನ ಕಥೋಲಿಕ ದೇವಾಲಯ ಇರುವೆ ಕೇರಿಯ ಮರಿಯ ಅವರ ನೆನಪನ್ನು ಹೊತ್ತಿದೆ. ಹಳೆಯ ಕೇರಿ ಇದ್ದ ಜಾಗ ಮತ್ತೆ ಉದ್ಯಾನವಾಗಿದೆ. ಬ್ರದರ್ ಝೇನೋ ಬಹುಕಾಲ ಬದುಕಿದರು. 1981ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಜಪಾನಿಗೆ ಹೋದಾಗ ಮುದುಕರಾಗಿದ್ದ ತಮ್ಮ ದೇಶದವರನ್ನು ಕಂಡು ಹರಸಿದರು. ಮರುವರ್ಷ ಬ್ರದರ್ ತೀರಿಕೊಂಡರು. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಸಾತೊಕೊ ಅವರ ಸದ್ಗುಣಗಳನ್ನು ಅಂಗೀಕರಿಸಿ ಅವರನ್ನು ಪೂಜ್ಯರೆಂದು ಘೋಷಿಸಿದರು. ಪುನೀತ ಪದವಿಗೆ ಇನ್ನೊಂದು ಮೆಟ್ಟಿಲು ಬಾಕಿ ಇದೆ. ಅದಕ್ಕಾಗಿ ನಾವೂ ಪ್ರಾರ್ಥಿಸೋಣ.

ನಮ್ಮ ಕಾರಣ

ಈಗ ನಾವು ಹೇಳಬೇಕಾದದ್ದು. ಹಿಂದಿನ ವರ್ಷದ ಕ್ರಿಸ್ಮಸ್ಸಿಗೆ ನಾವು ಹತ್ತು ಹನ್ನೆರಡು ಜನ ಹೆದ್ದಾರಿ ಆಚೆಯ ಗುಜರಿ ಆಯುವವರ ಗುಡಿಸಲುಗಳಿಗೆ ಹೋಗಿದ್ದೆವು. ಕೇಕ್, ಕೆಂಪು ಟೋಪಿ, ಒಂದು ಪುಟ್ಟ ಸ್ಪೀಕರ್. ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆವು, ಫೋಟೋ ತೆಗೆದೆವು. ಒಬ್ಬ ಹುಡುಗಿ ಮಾತ್ರ ಸಾಲಿಗೆ ಬರಲಿಲ್ಲ. ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳ ಬಿಚ್ಚಿ ಚೀಲಕ್ಕೆ ತುಂಬುತ್ತಾ ಕುಳಿತಿದ್ದಳು. ಕನ್ನಡದಲ್ಲಿ ಕರೆದೆವು, ತಮಿಳಿನಲ್ಲಿ ಕರೆದೆವು, ತೆಲುಗಿನಲ್ಲೂ ಕರೆದೆವು. ತಲೆ ಎತ್ತಲಿಲ್ಲ. ಎಷ್ಟು ಜಂಬ ಎಂದು ನಮ್ಮಲ್ಲಿ ಕೆಲವರಿಗೆ ಸಿಟ್ಟೂ ಬಂತು. ಹೊರಡುವಾಗ ಅವಳ ಅಜ್ಜಿ ತಿಳಿಸಿದರು. ಹನ್ನೊಂದು ಗಂಟೆಗೆ ತೂಕದವನು ಬರುತ್ತಾನೆ, ಅಷ್ಟರೊಳಗೆ ಚೀಲ ತುಂಬದಿದ್ದರೆ ಆ ದಿನದ ದುಡ್ಡು ಇಲ್ಲ. ನಾವು ಹೋಗಿದ್ದು ಹತ್ತೂವರೆಗೆ. ನಮ್ಮ ಅನುಕೂಲದ ಹೊತ್ತು ಅದು.

ಆ ಮೇಲೆ ಸಾತೊಕೊ ಅವರ ಜೀವನ ಓದಿದಾಗ ಮಾತ್ಸುಯಿ ಅವರ ಕಹಿ ಮಾತು ನಮಗೇ ಹೇಳಿದಂತೆ ಇತ್ತು. ನಾವ್ಯಾರೂ ಮನೆ ಬಿಟ್ಟು ಅಲ್ಲಿ ಹೋಗಿ ನೆಲೆಸುತ್ತೇವೆ ಎಂದು ಹೇಳುತ್ತಿಲ್ಲ. ಅಷ್ಟು ದೊಡ್ಡ ಮಾತು ಆಡಲು ನಮಗೆ ಧೈರ್ಯವಿಲ್ಲ. ಆದರೆ ಈ ಸಲ ಕೇಕ್ ಒಯ್ಯಲಿಲ್ಲ. ಹೋಗಿ, ಅವರ ಪಕ್ಕ ಕುಳಿತು, ಮುಚ್ಚಳ ಬಿಚ್ಚಿದೆವು. ಯಾವ ಹೊತ್ತು ಅವರಿಗೆ ಬಿಡುವು ಎಂದು ಕೇಳಿದೆವು. ಶನಿವಾರ ಸಂಜೆ ಐದರಿಂದ ಏಳು ಎಂದರು. ಈಗ ಪ್ರತಿ ಶನಿವಾರ ಮಕ್ಕಳ ಶಾಲೆಯ ಪಾಠಕ್ಕೆ ನೆರವಾಗುತ್ತಿದ್ದೇವೆ. ಶುರುಮಾಡಿ ಐದು ವಾರ ಆಯಿತು. ಒಂದು ವಾರ ನಮ್ಮವರ ಮದುವೆಯ ನೆಪದಲ್ಲಿ ತಪ್ಪಿಸಿದೆವು, ಮಕ್ಕಳು ಕಾದು ಹೋದರಂತೆ. ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇವೆ. ಆ ಹುಡುಗಿ ಮೊದಲ ಮೂರು ವಾರ ಬರಲಿಲ್ಲ. ನಾಲ್ಕನೆಯ ವಾರ ಬಂದು ಬಾಗಿಲ ಬಳಿ ಕುಳಿತಳು. ಗಣಿತದಲ್ಲಿ ನಮಗಿಂತ ಚುರುಕು.

ಧರ್ಮಕೇಂದ್ರದ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಹಳೆಯ ಬಟ್ಟೆ, ಮಿಕ್ಕ ತಿಂಡಿಗಿಂತ ಹೆಚ್ಚಾಗಿ ನಮಗೆ ಬೇಕಾಗಿರುವುದು ವಾರಕ್ಕೆ ಎರಡು ಗಂಟೆ ಕೊಡಬಲ್ಲ ಜನ. ತಮಿಳು, ತೆಲುಗು, ಹಿಂದಿ ಬಲ್ಲವರು ಬಂದರೆ ಇನ್ನೂ ಒಳ್ಳೆಯದು. ಜನವರಿ 23ರ ಸಂಜೆ ದೇವಾಲಯದಲ್ಲಿ ಜಪಸರ ಪ್ರಾರ್ಥನೆ ಇರುತ್ತದೆ. ಚಿಂದಿ ಆಯ್ದು ಬದುಕುವ ಎಲ್ಲ ಕುಟುಂಬಗಳಿಗಾಗಿ, ಅವರ ಹೊತ್ತು ನೋಡಿಕೊಂಡು ಹೋಗುವ ಬುದ್ಧಿ ನಮಗೆ ಬರಲೆಂದು, ಪ್ರಾರ್ಥಿಸೋಣ. ತಪ್ಪದೆ ಬನ್ನಿ.

— ಧರ್ಮಕೇಂದ್ರದ ಯುವಕೂಟದ ಪರವಾಗಿ, ಯುವಜನ ಸಂಯೋಜಕರು